ಹಿಂಗಾಲಿನ ಪಾಲು

ಗಾಜಿನ ಅಂಗಡಿಯಲ್ಲಿ ಅವನನ್ನು ಎಲ್ಲರೂ ಹಿಂಗಾಲು ಎಂದೇ ಕರೆಯುತ್ತಿದ್ದರು. ಅವನ ಭಾವ, ಅಂದರೆ ಹೆಂಡತಿಯ ಅಣ್ಣ, ಮುಂಗಾಲು. ಇಬ್ಬರೂ ಸೇರಿದರೆ ಒಂದು ಪ್ರಾಣಿ ಎಂದು ಕಟಿಂಗ್ ಮೇಜಿನ ಮೇಸ್ತ್ರಿ ಹತ್ತೊಂಬತ್ತು ವರ್ಷಗಳ ಹಿಂದೆ ನಗೆಯಾಡಿದ್ದು ಹಾಗೇ ಅಂಟಿಕೊಂಡಿತ್ತು. ಸುಳ್ಳೇನಲ್ಲ. ಆಳೆತ್ತರದ ಗಾಜಿನ ಶೀಟನ್ನು ಎರಡು ತುದಿಯಲ್ಲಿ ಹಿಡಿದು ಮೆಟ್ಟಿಲು ಹತ್ತುವಾಗ ಮುಂದಿನವನು ಎಡಗಾಲಿಟ್ಟರೆ ಹಿಂದಿನವನೂ ಎಡಗಾಲೇ ಇಡಬೇಕು. ಅವನು ನಿಂತು ಉಸಿರು ಬಿಟ್ಟರೆ ಇವನೂ ಬಿಡಬೇಕು. ಮುಂದಿನವನಿಗೆ ದಾರಿ ಕಾಣುತ್ತದೆ. ಹಿಂದಿನವನಿಗೆ ಕಾಣುವುದು ಗಾಜು, ಗಾಜಿನಾಚೆ ಮುಂದಿನವನ ಬೆನ್ನು, ಅಷ್ಟೇ. ಮೆಟ್ಟಿಲಲ್ಲಿ ಏನಾದರೂ ಎಡವಟ್ಟಾದರೆ ಶೀಟು ಜಾರಿ ಬರುವುದು ಹಿಂದಿನವನ ಎದೆಗೆ.

ಅದಕ್ಕೇ ಆ ಅಂಗಡಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ದೊಡ್ಡ ಗಾಜು ಚೌಕಟ್ಟಿನಲ್ಲಿ ಕೂತು ಅಂಚಿಗೆ ಬೀಡಿಂಗ್ ಪಟ್ಟಿ ಬಡಿದು ಮುಗಿದ ಮೇಲೆ ಸಾಹುಕಾರರ ಕಡೆಯಿಂದ ಒಂದು ಬಾಟಲಿ ಬರುತ್ತಿತ್ತು. ಮೊದಲ ಗುಟುಕು ಹಿಂದೆ ಹೊತ್ತವನದು. ಅವನು ಕುಡಿಯುವ ತನಕ ಉಳಿದವರು ಲೋಟ ತುಟಿಗೆ ತಾಗಿಸುವಂತಿಲ್ಲ. ಯಾರು ಮಾಡಿದ್ದೋ ಏನೋ, ಎದೆಯೊಡ್ಡಿದವನಿಗೆ ಮರ್ಯಾದೆ ಎಂದು ಮಾಡಿದ್ದಿರಬೇಕು. ಹತ್ತೊಂಬತ್ತು ವರ್ಷ ಹಿಂಗಾಲು ಆ ಮರ್ಯಾದೆಯನ್ನು ಒಂದು ಹನಿಯೂ ಚೆಲ್ಲದೆ ಸ್ವೀಕರಿಸಿದವನು.

ಇದು ಸಂಜೆಯ ಮಾತಾಯಿತು. ಬೆಳಗ್ಗೆ ಕೈ ನಡುಗದಿರಲಿ ಎಂದು ಎದುರಿನ ಮದ್ಯದ ಮಳಿಗೆಯಲ್ಲಿ ಇಬ್ಬರೂ ನಿಂತುಕೊಂಡೇ ಅರ್ಧರ್ಧ ಲೋಟ. ಮಧ್ಯಾಹ್ನ ಮೈಕೈ ನೋವಿಗೆ ಇನ್ನರ್ಧ. ಒಮ್ಮೆ ಹೊಟ್ಟೆನೋವೆಂದು ಹೋದಾಗ ಡಾಕ್ಟರು, ಎಷ್ಟು ಕುಡಿಯುತ್ತೀರಿ ಎಂದು ಕೇಳಿದ್ದರು. “ಎಲ್ರಷ್ಟೇ ಸಾರ್” ಎಂದಿದ್ದ. ಸುಳ್ಳು ಹೇಳಿದೆ ಎಂದು ಅವನಿಗೆ ಅನ್ನಿಸಲಿಲ್ಲ. ಎಲ್ಲರೂ ಎಂದರೆ ಅವನಿಗೆ ಗೊತ್ತಿದ್ದವರು, ಆ ಮಳಿಗೆಯಲ್ಲಿ ಪಕ್ಕ ನಿಂತವರೇ.

ಅವನು ಕುಡಿತ ಬಿಟ್ಟದ್ದು ಬಿದ್ದು ಪೆಟ್ಟು ತಿಂದು ಅಲ್ಲ, ಯಾರೋ ಬುದ್ಧಿ ಹೇಳಿದರೆಂದೂ ಅಲ್ಲ. ಒಂದು ಕಿಟಕಿಯಿಂದ.

ಒಂದು ಬೆಳಗ್ಗೆ ಭಾವನ ಜೊತೆ ಬಸ್ಸಿಗೆ ಕಾಯುತ್ತ ನಿಂತಿದ್ದ. ಎದುರಿನ ಕಟ್ಟಡದ ಮೂರನೇ ಮಹಡಿಯಲ್ಲಿ ನೆಲದಿಂದ ಸೂರಿನವರೆಗೆ ಹೊಸ ಗಾಜು. ಬಿಸಿಲು ಅದರ ಮೇಲೆ ಒಂದು ಸುಕ್ಕೂ ಇಲ್ಲದೆ ನಿಂತಿತ್ತು. ಮೂಲೆಯ ಜೋಡಣೆ ಕೂದಲೆಳೆ ತೂರದಂತೆ ಕೂತಿತ್ತು.

“ಯಾರ ಕೈಕೆಲ್ಸ ಭಾವ ಇದು? ಚೆನ್ನಾಗಿದೆ” ಎಂದ.

ಭಾವ ಗೊಳ್ಳೆಂದು ನಕ್ಕ. “ನಿಂದೇ ಕಣೋ! ಹೋದ ಗುರುವಾರ ನಾವೇ ಅಲ್ವಾ ಹೊತ್ತಿದ್ದು? ಮೂಲೆ ಕೂರ್ಸಿದ್ದು ನೀನೇ. ನಿನ್ನ ನೀನೇ ಹೊಗಳ್ಕೋತಿದೀಯಲ್ಲ, ನಾಚ್ಕೆ ಆಗಲ್ವಾ?”

ಹಿಂಗಾಲೂ ನಕ್ಕ. ಆದರೆ ಅವನಿಗೆ ಏನೂ ನೆನಪಿರಲಿಲ್ಲ. ಮೂರು ಮಹಡಿ, ಅರವತ್ತು ಮೆಟ್ಟಿಲು, ಒಂದೂ ನೆನಪಿಲ್ಲ. ಅಷ್ಟರಲ್ಲಿ ಆ ಮನೆಯ ಕೂಸೊಂದು ತಪ್ಪುಹೆಜ್ಜೆ ಹಾಕುತ್ತ ಬಂದು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ, ಮೂಗು ಚಪ್ಪಟೆ ಮಾಡಿಕೊಂಡು, ಮೈಯ ಭಾರವನ್ನೆಲ್ಲ ಬಿಟ್ಟು ಬೀದಿ ನೋಡತೊಡಗಿತು. ಹಿಂಗಾಲು ಬಸ್ಸು ಬಿಟ್ಟು ರಸ್ತೆ ದಾಟಿದ. ಮೇಲೆ ಹತ್ತಿ, ಅಂಗಡಿಯಿಂದ ಬಂದಿದ್ದೇನೆ, ಒಂದು ಸಲ ನೋಡಬೇಕು ಎಂದು ಮನೆಯಾಕೆಗೆ ಹೇಳಿ, ಹೆಬ್ಬೆರಳಿನಿಂದ ಅಂಚಂಚನ್ನೂ ಒತ್ತಿ ನೋಡಿದ. ಎಲ್ಲಾದರೂ ಒಂದು ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ತಪ್ಪೇ ಇರಲಿಲ್ಲ. ಅವನಿಲ್ಲದೆ ಅವನ ಕೈ ಒಂದೇ ಬಂದು ಕೆಲಸ ಮುಗಿಸಿ ಹೋಗಿತ್ತು.

ಅಂದು ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಬಂದಾಗ ಹೆಂಡತಿ ಕಿಟಕಿಯ ಬೆಳಕಿಗೆ ಕೂತು ದರ್ಜಿಯಂಗಡಿಯ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು.

“ನಮ್ಮಮ್ಮ ಸಾಯೋವಾಗ ಏನಂದ್ಲು?” ಎಂದು ಕೇಳಿದ.

ಅವಳು ತಲೆಯೆತ್ತಲಿಲ್ಲ. “ನೀವೇ ಇದ್ರಲ್ಲ ಪಕ್ಕದಲ್ಲಿ.”

“ಹೇಳೇ.”

“ನೀರು ಬೇಕು ಅಂದ್ರು. ನೀವೇ ಕುಡ್ಸಿದ್ರಿ. ಆಮೇಲೆ ನಿಮ್ ಕೆನ್ನೆ ಮುಟ್ಟಿದ್ರು.”

ಅವನು ಗೋಡೆಗೊರಗಿ ಕೂತು ಕೆನ್ನೆ ಸವರಿಕೊಂಡ. ಅಲ್ಲೇನೂ ಇರಲಿಲ್ಲ. ಇನ್ನೂ ಎಲ್ಲೆಲ್ಲಿ ತಾನು ಇದ್ದೂ ಇರಲಿಲ್ಲ ಎಂದು ಎಣಿಸಲು ಹೊರಟು, ಹೆದರಿ ನಿಲ್ಲಿಸಿದ.

ಹಾಗೆ ಬಿಟ್ಟ. ಆಣೆ ಇಲ್ಲ, ಪ್ರಮಾಣ ಇಲ್ಲ. ನಾಲ್ಕು ಸಲ ಆಣೆ ಮಾಡಿ ಮುರಿದಿದ್ದನ್ನು ಕಂಡಿದ್ದ ಹೆಂಡತಿ, “ಈ ಸಲ ಎಷ್ಟು ದಿನದ ನಾಟ್ಕ, ಹೇಳ್ಬಿಡಿ, ಚಪ್ಪಾಳೆ ಹೊಡೆಯೋಕೆ ರೆಡಿಯಾಗಿರ್ತೀನಿ” ಎಂದಳು. ಡಾಕ್ಟರು ಹದಿನೈದು ದಿನಕ್ಕೆ ಮಾತ್ರೆ ಕೊಟ್ಟರು. ಮೊದಲ ವಾರ ಹಾಸಿಗೆ ಬೆವರಿಗೆ ಒಗೆದು ಹಿಂಡಿದ ಹಾಗೆ ನೆನೆಯುತ್ತಿತ್ತು. ಗೋಡೆಯ ಮೇಲೆ ಇಲ್ಲದ ಇರುವೆಗಳು ಸಾಲುಗಟ್ಟಿ ಬಂದವು. ಅವಳು ಪೊರಕೆ ತಂದು ಆ ಇಲ್ಲದ ಇರುವೆಗಳನ್ನು ಗುಡಿಸಿದಳು. ಇಲ್ಲ ಎಂದು ವಾದ ಮಾಡಲಿಲ್ಲ. ಹನ್ನೊಂದನೇ ದಿನ ಅವನು ಲೋಟದ ಚಹಾವನ್ನು ತುಳುಕಿಸದೆ ಕುಡಿದ. ಅವಳ ಸೂಜಿ ಬಟ್ಟೆಯಲ್ಲಿ ಒಂದು ಗಳಿಗೆ ನಿಂತಿತು.

ಅಂಗಡಿಯಲ್ಲಿ “ಮಾತ್ರೆ ನಡೀತಿದೆ” ಎಂದ. ಎಲ್ಲರೂ ಅಯ್ಯೋ ಪಾಪ ಎಂದರು. ಮಳಿಗೆಯವನು ತಾನೇ ಸೋಡಾ ತಂದುಕೊಟ್ಟ. ಕಾಯಿಲೆಯವನ ಮೇಲೆ ಲೋಕಕ್ಕೆ ಎಷ್ಟು ಅಕ್ಕರೆ! ಮಾತ್ರೆ ಮುಗಿದ ವಾರ ಮೇಸ್ತ್ರಿ ಗಾಜು ಕೊಯ್ಯುವುದನ್ನು ನಿಲ್ಲಿಸಿ ಕೇಳಿದ.

“ಮಾತ್ರೆ ಮುಗೀತಂತೆ?”

“ಮುಗೀತು.”

“ಮತ್ತೆ?”

“ಬೇಡ ಅನ್ಸಿದೆ.”

“ಬೇಡ ಅಂದ್ರೆ? ಲಿವರ್ರಾ? ಶುಗರ್ರಾ?”

“ಏನಿಲ್ಲ. ಬೇಡ, ಅಷ್ಟೇ.”

ಮೇಸ್ತ್ರಿಯ ಮುಖ ಬಿಗಿಯಿತು. “ಕಾಯ್ಲೆ ಇದ್ರೆ ಹೇಳು. ಹೆಂಡ್ತಿಗೆ ಹೆದರಿದೀನಿ ಅನ್ನು, ಅದೂ ಸರಿ, ನಾವೆಲ್ಲ ಹೆದರೋರೇ. ಸುಮ್ ಸುಮ್ನೆ ಬೇಡ ಅಂದ್ರೆ ಹೆಂಗಪ್ಪಾ? ನಾವೇನು ವಿಷ ಕುಡೀತಿದೀವಾ ಇಲ್ಲಿ?”

ಹಿಂಗಾಲು ಹಾಗೆ ಅಂದಿರಲಿಲ್ಲ. ಅವರಿಗೆ ಹಾಗೆ ಕೇಳಿಸಿತು. ಅಂದಿನಿಂದ ಅವನು ಬಂದರೆ ಮಾತು ತಗ್ಗುತ್ತಿತ್ತು, ಹೋದರೆ ನಗು ಏಳುತ್ತಿತ್ತು. ಅವನು ಕಣ್ಣು ಬಿಟ್ಟು ಸುತ್ತ ನೋಡಿದ. ಕೆಲಸ ಸಿಕ್ಕರೆ ಬಾಟಲಿ, ಹೋದರೆ ಬಾಟಲಿ. ಕೂಸು ಹುಟ್ಟಿದರೆ, ಅಪ್ಪ ಸತ್ತರೆ, ಜಗಳ ಹತ್ತಿದರೆ, ಜಗಳ ಮುರಿದು ಒಂದಾದರೆ, ಎಲ್ಲಕ್ಕೂ ಅದೇ. ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಲು ಆ ಗಂಡಸರಿಗೆ ಬೇರೆ ದಾರಿಯೇ ತಿಳಿದಿರಲಿಲ್ಲ. ಅವನಿಗೂ ತಿಳಿದಿರಲಿಲ್ಲ. ಈಗ ಅವನ ಕೈ ಖಾಲಿ, ಹೆಗಲೂ ಖಾಲಿ.

ಬಟ್ಟೆಯಂಗಡಿಯೊಂದರ ಮುಂಭಾಗಕ್ಕೆ ಹತ್ತಡಿ ಗಾಜು ಕೂರಿಸಿದ ದಿನ ಸಾಹುಕಾರರೇ ಬಾಟಲಿ ಹಿಡಿದು ಬಂದರು. ಮೊದಲ ಲೋಟ ತುಂಬಿಸಿ ಚಾಚಿದರು. “ಹಿಂಗಾಲು, ತಗೋ.”

“ಬೇಡಿ ಸಾಹುಕಾರ್ರೇ.”

“ನನ್ ಕೈಯಿಂದ ಬೇಡ್ವಾ?”

ಏಳು ಮಂದಿ ಏಳು ಲೋಟ ಹಿಡಿದು ಕಾಯುತ್ತಿದ್ದರು. ಅವನು ಕುಡಿಯದೆ ಯಾರೂ ಕುಡಿಯುವಂತಿಲ್ಲ. ಸಾಹುಕಾರರ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು, ಅವರ ಕಿವಿ ಕೆಂಪಗಾಗತೊಡಗಿತು. ಆಗ ಭಾವ ಎದ್ದು ಆ ಲೋಟ ಕಸಿದುಕೊಂಡ.

“ಇವಂದು ನಂದು ಬೇರೇನಾ? ಇವನ ಪಾಲು ನಂಗಿರ್ಲಿ. ಒಂದೇ ಪ್ರಾಣಿ ಅಂತ ನೀವೇ ಅಲ್ವಾ ಹೆಸರಿಟ್ಟಿದ್ದು? ಯಾವ್ ಬಾಯಿಂದ ಕುಡಿದ್ರೇನು!”

ಎಲ್ಲರೂ ನಕ್ಕರು. ಸಾಹುಕಾರರೂ ನಕ್ಕರು. ಭಾವ ಹಿಂಗಾಲಿನ ಪಾಲನ್ನು ಒಂದೇ ಗುಟುಕಿಗೆ ಮುಗಿಸಿ, ತನ್ನ ಲೋಟ ಮುಂದೆ ಹಿಡಿದ. ಗಳಿಗೆ ಕಳೆಯಿತು, ಮಾನ ಉಳಿಯಿತು. ಮುಂದೆ ಪ್ರತಿ ದೊಡ್ಡ ಗಾಜಿಗೂ ಅದೇ ನಡೆಯಿತು. ಕಟ್ಟಡದ ಕೆಲಸ ಭರಾಟೆಯಲ್ಲಿದ್ದ ಕಾಲ. ವಾರಕ್ಕೆ ಮೂರು, ನಾಲ್ಕು ದೊಡ್ಡ ಗಾಜು. ಅಷ್ಟೂ ಸಲ ಭಾವನಿಗೆ ಎರಡು ಪಾಲು.

ಹತ್ತೊಂಬತ್ತು ವರ್ಷ ನೋಡಿದ ಬೆನ್ನನ್ನು ಹಿಂಗಾಲು ಈಗ ಮೊದಲ ಬಾರಿಗೆ ನೋಡುತ್ತಿದ್ದ. ಕತ್ತು ಸಣ್ಣಗಾಗಿತ್ತು, ಅಂಗಿಯ ಕಾಲರು ಬಾವಿಯ ಕಟ್ಟೆಯ ಹಾಗೆ ದೂರ ನಿಂತಿತ್ತು. ಪಾದಗಳು ಊದಿ ಚಪ್ಪಲಿಯಿಂದ ಹೊರಗೆ ಉಬ್ಬಿದ್ದವು. ಪ್ರತಿ ತಿರುವಿನಲ್ಲಿ ಒಂದು ಉಸಿರು ಹೆಚ್ಚು. ಹೆಜ್ಜೆ ಇಬ್ಬರದೂ ಕೂಡುತ್ತಿರಲಿಲ್ಲ. ಇವನ ಕಾಲು ಮುಂದಾಗುತ್ತಿತ್ತು, ಶೀಟು ಅದುರುತ್ತಿತ್ತು. “ಏನೋ ಅವಸರ, ಬಸ್ ಹೋಗ್ತಿದೆಯಾ?” ಎಂದು ಭಾವ ಮುಂದಿನಿಂದ ರೇಗುತ್ತಿದ್ದ. ತಪ್ಪು ಯಾರ ಕಾಲಿನದು ಎಂದು ಹೇಳಲು ಇವನಿಗೆ ಬಾಯಿ ಬರುತ್ತಿರಲಿಲ್ಲ.

ಒಂದು ದಿನ ಖಾಲಿ ಮಹಡಿಯಲ್ಲಿ ಬೀಡಿಂಗ್ ಬಡಿಯುವಾಗ ಹೇಳಿಯೇ ಬಿಟ್ಟ. “ಭಾವ, ನನ್ ಪಾಲು ಕುಡೀಬೇಡ.”

“ಮತ್ತೆ ಚರಂಡಿಗೆ ಚೆಲ್ಲಾ?”

“ಚೆಲ್ಲು.”

“ಅವತ್ತೇ ನಿನ್ನ ಕಳಿಸ್ತಾರೆ. ನಿನ್ ಕೆಲ್ಸ ಉಳ್ಸಿರೋದು ಈ ಹೊಟ್ಟೆ ಕಣೋ, ಈ ಹೊಟ್ಟೆ!” ಎಂದು ಭಾವ ತಬಲಾದ ಹಾಗೆ ಹೊಟ್ಟೆ ಬಡಿದುಕೊಂಡ. ಸಣಕಲು ಮೈಯಲ್ಲಿ ಹೊಟ್ಟೆಯೊಂದೇ ಬಿಗಿದು ನಿಂತಿತ್ತು. “ನೀನು ಸಾಧು ಆಗು. ಬೇಡ ಅಂದೋರ್ಯಾರು? ನಿನ್ ಪಾಪ ಕುಡಿಯೋಕೆ ನಾನಿದೀನಿ.”

ಒಂದು ಭಾನುವಾರ ಮಧ್ಯಾಹ್ನ ಭಾವನ ಹೆಂಡತಿ ಒಬ್ಬಳೇ ಬಂದಳು. ಹಿಂಗಾಲು ಅವಳನ್ನು ಅಕ್ಕ ಎನ್ನುತ್ತಿದ್ದ. ಅವಳು ಅವನನ್ನು ತಮ್ಮ ಎನ್ನುತ್ತಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ಕೂತಳು.

“ಮುಂಚೆ ಇಬ್ರೂ ಕುಡೀತಿದ್ರಿ. ಬಯ್ತಿದ್ದೆ. ಆದ್ರೆ ನೀನು ತೂರಾಡ್ಕೊಂಡಾದ್ರೂ ಅವರನ್ನ ಬಾಗ್ಲಿಗೆ ತಂದು ಬಿಡ್ತಿದ್ದೆ. ಈಗ ಒಬ್ರೇ ಬರ್ತಾರೆ. ಮೊನ್ನೆ ಬರ್ಲೇ ಇಲ್ಲ, ಬೀದಿ ಕೊನೇಲಿ ಬಿದ್ದಿದ್ರು.” ಸೆರಗಿನಿಂದ ಬಾಯಿ ಒರೆಸಿಕೊಂಡಳು. “ತಮ್ಮಾ, ಬಾಯಿ ಬಿಟ್ಟು ಕೇಳೋ ಮಾತಲ್ಲ. ಒಂದೇ ಒಂದು ಲೋಟ ನೀನೂ ತಗೋ. ನಿನ್ ಪಾಲು ನೀನು ಕುಡಿದ್ರೆ ಅವರಿಗೆ ಅಷ್ಟು ಕಮ್ಮಿ ಆಗುತ್ತೆ. ಪಕ್ಕದಲ್ಲಿ ನೀನಿರ್ತೀಯ, ಮನೆಗೆ ಕರ್ಕೊಂಡ್ ಬರ್ತೀಯ.”

ಒಳಗೆ ಹೆಂಡತಿಯ ಸೂಜಿ ನಿಂತದ್ದು ಅವನಿಗೆ ನೋಡದೆಯೂ ತಿಳಿಯಿತು. ಅಕ್ಕ ಹೇಳಿದ ಲೆಕ್ಕ ಸರಿಯಾಗಿಯೇ ಇತ್ತು. ಕುಡಿತದ ಲೆಕ್ಕಗಳೆಲ್ಲ ಸರಿಯಾಗಿಯೇ ಇರುತ್ತವೆ. ಬಾಯಲ್ಲಿ ನೀರೂರಿತು, ಅದು ಭಾವನ ಮೇಲಿನ ಮರುಕವೋ ಬೇರೆಯೋ ಎಂದು ಅವನಿಗೇ ತಿಳಿಯಲಿಲ್ಲ. ತಿಳಿಯದೆ ಹೋದದ್ದೇ ಅವನನ್ನು ಹೆದರಿಸಿತು.

“ಆಗಲ್ಲ ಅಕ್ಕ. ನಂಗೆ ಒಂದು ಲೋಟ ಅನ್ನೋದು ಬರಲ್ಲ. ನಂಗೆ ಬರೋದು ಬಾಟ್ಲಿ.”

ಅವಳು ಎದ್ದು ಹೋದಳು. ಚಹಾ ಕುಡಿಯಲಿಲ್ಲ.

ಮರುದಿನ ಹಿಂಗಾಲು ಸಾಹುಕಾರರ ಬಳಿ ಹೋಗಿ, ತನ್ನನ್ನು ಕನ್ನಡಿ ಚೌಕಟ್ಟಿನ ಕೆಲಸಕ್ಕೆ ಹಾಕಿ, ಹಿಂದೆ ಹೊರಲು ಮೇಸ್ತ್ರಿಯನ್ನು ಕಳಿಸಿ ಎಂದು ಕೇಳಿಕೊಂಡ. ಅವನ ಯೋಚನೆ ಇಷ್ಟೇ: ಹಿಂದೆ ಹೊರುವವನು ಮೇಸ್ತ್ರಿಯಾದರೆ ಆ ಪಾಲು ಮೇಸ್ತ್ರಿಯದು, ಭಾವನಿಗೆ ಒಂದೇ ಉಳಿಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೂ ಯಾರು ನಂಬುತ್ತಿದ್ದರು? ಗಾಜಿನ ಕೆಲಸದಲ್ಲಿ ಜೋಡಿ ಮುರಿಯುವುದೆಂದರೆ ಸಂಸಾರ ಮುರಿದಂತೆ. ಭಾವ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ಹಿಂಗಾಲು ಸಾಹೇಬ್ರಿಗೆ ನಮ್ ಬೆನ್ನು ನೋಡಿ ನೋಡಿ ಬೇಜಾರಾಯ್ತಂತೆ. ಇನ್ಮೇಲೆ ಕನ್ನಡೀಲಿ ಅವರ ಮುಖಾನೇ ನೋಡ್ಕೋತಾರಂತೆ.”

ಹಿಂಗಾಲು ತಲೆ ಬಗ್ಗಿಸಿ ಚೌಕಟ್ಟಿಗೆ ಮೊಳೆ ಹೊಡೆದ. ಅತ್ತ ಹೊಸ ಜೋಡಿಯ ಕೈಯಲ್ಲಿ ಒಂದು ಗಾಜೂ ಒಡೆಯಲಿಲ್ಲ. ಒಡೆಯುತ್ತದೆ ಎಂದು ಅವನು ಒಳಗೊಳಗೇ ಕಾದಿದ್ದ. ಹಾಗೆ ಕಾದದ್ದು ಅರಿವಾಗಿ ನಾಚಿದ. ಮೇಸ್ತ್ರಿಯೂ ಭಾವನೂ ಚೆನ್ನಾಗಿಯೇ ಹೊತ್ತರು, ಸಂಜೆ ಚೆನ್ನಾಗಿಯೇ ಕುಡಿದರು. ಒಂದು ಪಾಲು ಕಡಿಮೆಯಾದದ್ದನ್ನು ಭಾವ ಮಳಿಗೆಯಲ್ಲಿ ಮೂರಾಗಿ ತುಂಬಿಕೊಂಡ. ಈಗ ಅವನಿಗೆ ಕುಡಿಯಲು ಕಾರಣವೂ ಸಿಕ್ಕಿತ್ತು: ಒಡಹುಟ್ಟಿದವಳ ಗಂಡನೇ ಕೈಬಿಟ್ಟ.

ನಾಲ್ಕು ತಿಂಗಳಿಗೆ ಭಾವ ರಕ್ತ ಕಾರಿಕೊಂಡು ಆಸ್ಪತ್ರೆ ಸೇರಿದ. ಮೈ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ಹಿಂಗಾಲನ್ನು ವರಾಂಡಕ್ಕೆ ಕರೆದು, ಇನ್ನು ಏನು ಕೊಟ್ಟರೂ ಅಷ್ಟೇ, ಕೊಡದಿದ್ದರೂ ಅಷ್ಟೇ ಎಂದರು. ಎಂಟು ದಿನ ಹಿಂಗಾಲು ಕೆಲಸ ಬಿಟ್ಟು ಮಂಚದ ಪಕ್ಕ ಕೂತ. ಭಾವ ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಕಣ್ಣು ಬಿಟ್ಟು, “ಲೋ” ಎಂದ.

“ಹೇಳು ಭಾವ.”

“ಒಂದು ಕ್ವಾರ್ಟರ್ ತಗೊಂಡ್ ಬಾ. ಬಾಯಿ ಒಣಗಿದೆ. ಇವರ ನೀರು ಔಷಧಿ ನಾತ.”

ಹಿಂಗಾಲು ಎದ್ದು ಚಪ್ಪಲಿ ಮೆಟ್ಟಿದ.

ಹತ್ತು ತಿಂಗಳ ಮೇಲೆ ಅವನು ಮಳಿಗೆಯ ಮೆಟ್ಟಿಲು ಹತ್ತಿದ. ಒಳಗಿದ್ದವರು ತಿರುಗಿ ನೋಡಿ ಹೋ ಎಂದು ಕೂಗಿದರು. “ಬಂದ್ಯಾ! ಬಾರೋ ಬಾ, ನಮ್ ಹಿಂಗಾಲು ಬಂದ!” ಮೇಸ್ತ್ರಿ ಎದ್ದು ಬಂದು ತಬ್ಬಿಕೊಂಡ. ಯಾರೋ ಬೆಂಚಿನಲ್ಲಿ ಜಾಗ ಬಿಟ್ಟರು. ಮಳಿಗೆಯವನು ಅವನ ಹಳೆಯ ಅಳತೆ ಮರೆಯದೆ ಲೋಟ ತೊಳೆಯತೊಡಗಿದ. ಇರುವೆಗಳ ನಡುವೆ ಮಲಗಿದ್ದಾಗ, ಚಹಾ ಚೆಲ್ಲದೆ ಕುಡಿದಾಗ, ಹತ್ತು ತಿಂಗಳು ಒಂದೊಂದು ದಿನವನ್ನೂ ಕಲ್ಲಿನ ಹಾಗೆ ಎತ್ತಿಟ್ಟಾಗ ಯಾರೂ ಅವನನ್ನು ಹೀಗೆ ತಬ್ಬಿರಲಿಲ್ಲ. ಅವನ ಕಣ್ಣು ತುಂಬಿತು. ಇವರು ಕೆಟ್ಟವರಲ್ಲ; ಇವರ ಅಕ್ಕರೆ ನಿಜವಾದದ್ದು. ಅದೇ ಕಷ್ಟ.

“ಕಟ್ಟಿಕೊಡಿ” ಎಂದ. ಬಾಟಲಿಯನ್ನು ಜೇಬಿಗಿಳಿಸಿ ಹೊರಬಿದ್ದ. ಹಿಂದೆ ನಗು ಒಮ್ಮೆಲೇ ನಿಂತಿತು.

ವಾರ್ಡಿನಲ್ಲಿ ಪರದೆ ಎಳೆದು, ಮುಚ್ಚಳ ತೆಗೆದು ಲೋಟಕ್ಕೆ ಒಂದಿಷ್ಟು ಸುರಿದ. ವಾಸನೆ ಹಳೆಯ ಗೆಳೆಯನ ಹಾಗೆ ಎದೆಗೆ ಬಂದು ತಟ್ಟಿತು. ಭಾವನ ತಲೆಯೆತ್ತಿ ತುಟಿಗೆ ಹಿಡಿದ. ಭಾವ ತುಟಿ ಬಿಗಿದುಕೊಂಡ.

“ಹಿಂದಿನವನು ಮೊದ್ಲು” ಎಂದ.

“ಭಾವ…”

“ಒಂದು ಗುಟುಕು. ನನ್ ಜೊತೆ. ನೀನು ಬಿಟ್ಟೋಗಿಲ್ಲ ಅಂತ ಗೊತ್ತಾಗ್ಲಿ. ಆಮೇಲೆ ನಾನು ಕುಡೀತೀನಿ.”

ಹಳದಿ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಅವುಗಳಲ್ಲಿ ಹಟವಿರಲಿಲ್ಲ, ಗೇಲಿಯೂ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಮಗು ಕೈ ಚಾಚಿದ ಹಾಗಿತ್ತು. ಹಿಂಗಾಲಿನ ಕೈಯಲ್ಲಿ ಲೋಟ ಇತ್ತು. ತುಟಿಗೂ ಲೋಟಕ್ಕೂ ಒಂದು ಗೇಣು.

“ನನ್ ಕೈಲಿ ಆಗಲ್ಲ ಭಾವ” ಎಂದ. “ಇಲ್ಲೇ ಇರ್ತೀನಿ. ಎಲ್ಲೂ ಹೋಗಲ್ಲ. ನೀನು ಕುಡಿ, ನಾನೇ ಕುಡಿಸ್ತೀನಿ. ಅದೊಂದು ಕೇಳ್ಬೇಡ.”

ಭಾವ ಸ್ವಲ್ಪ ಹೊತ್ತು ಕಾದ. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಹಿಂಗಾಲು ಮಂಚದ ಆ ಬದಿಗೆ ಹೋಗಿ ಮತ್ತೆ ಲೋಟ ಹಿಡಿದ. ಭಾವ ಕಣ್ಣು ಮುಚ್ಚಿಕೊಂಡ. ಎರಡು ದಿನ ಹಾಗೇ ಇದ್ದು ಮೂರನೆಯ ದಿನ ಮಧ್ಯಾಹ್ನ ಸತ್ತ. ಹಿಂಗಾಲು ಹೇಳಿದಂತೆ ಪಕ್ಕದಲ್ಲೇ ಇದ್ದ, ಎಲ್ಲವನ್ನೂ ನೋಡಿದ. ಈ ಸಲ ಒಂದನ್ನೂ ಮರೆಯುವ ಹಾಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಭಾವನ ಮನೆಯ ಮುಂದೆ ಅಂಗಡಿಯವರೆಲ್ಲ ಕೂತರು. ಸಾಹುಕಾರರು ಬಾಟಲಿಗಳನ್ನು ಕಳಿಸಿದ್ದರು. ಬೇರೆ ಬೀದಿಯವನೊಬ್ಬ ಬಂದು ಏನಾಗಿತ್ತು ಎಂದು ವಿಚಾರಿಸಿದ. “ಹೊಟ್ಟೆ ಕಾಯ್ಲೆ” ಎಂದ ಮೇಸ್ತ್ರಿ, ಲೋಟಕ್ಕೆ ಸುರಿಯುತ್ತ, ನಿಜವಾಗಿಯೂ ಅಳುತ್ತ. ಯಾರೂ ಅವನ ಮುಖ ನೋಡಲಿಲ್ಲ.

ಹಿಂಗಾಲು ಒಳಗೆ ಹೋಗಲೆಂದು ಬಾಗಿಲಿಗೆ ಬಂದ. ಅಕ್ಕ ಅಡ್ಡ ನಿಂತಳು. ವಾರ್ಡಿನಲ್ಲಿ ನಡೆದದ್ದನ್ನು ಅವನೇ ಅವಳಿಗೂ ಹೆಂಡತಿಗೂ ಹೇಳಿದ್ದ.

“ಒಂದು ಗುಟುಕು” ಎಂದಳು. “ಒಂದು ಗುಟುಕು ಕುಡಿದಿದ್ರೆ ನೀನೇನು ಸತ್ತೋಗ್ತಿದ್ಯಾ?”

ಸಾಯುತ್ತಿದ್ದೆನೇನೋ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಗಂಡನನ್ನು ಆಗಷ್ಟೇ ಮಣ್ಣಿಗಿಟ್ಟು ಬಂದವಳ ಮುಂದೆ ಅದು ಆಡುವ ಮಾತಾಗಿರಲಿಲ್ಲ. ಕೈ ಮುಗಿದು ಕೆಳಗಿಳಿದು, ಬೀದಿಯ ಅಂಚಿನಲ್ಲಿ ಹೆಂಡತಿಗಾಗಿ ಕಾದು ನಿಂತ.

ಅವಳು ಬಂದಾಗ ಸಂಜೆಯ ಬಿಸಿಲು ಇಳಿಯುತ್ತಿತ್ತು. ಇಬ್ಬರೂ ಎರಡು ಬೀದಿ ದಾಟಿದರು.

“ನೀನೂ ಅಕ್ಕನ ಹಾಗೇ ಅಂದ್ಕೊಂಡಿದೀಯಾ?” ಎಂದು ಕೇಳಿದ.

ಅವಳು ನಡೆಯುತ್ತಲೇ ಹೇಳಿದಳು. “ನಮ್ಮಣ್ಣ ಕೊನೇಲಿ ಕೇಳಿದ್ದು ಅದೊಂದೇ. ನೀವು ಕುಡೀಲಿಲ್ಲ. ಅದನ್ನ ನಾನು ಮರೆಯಲ್ಲ.” ಸ್ವಲ್ಪ ದೂರ ಹೋದ ಮೇಲೆ ದನಿ ಇನ್ನಷ್ಟು ತಗ್ಗಿಸಿ, “ಕುಡಿದಿದ್ರೆ ಅದನ್ನೂ ಮರೀತಿರ್ಲಿಲ್ಲ” ಎಂದಳು.

ಅವನು ತಲೆಯಾಡಿಸಿದ. ಎರಡೂ ಮಾತು ನ್ಯಾಯವಾಗಿಯೇ ಇದ್ದವು. ಮನೆ ಇನ್ನೂ ದೂರವಿತ್ತು, ಅವಳು ಸುಸ್ತಾಗಿದ್ದಳು. ಅವಳ ಕೈಯಲ್ಲಿದ್ದ ಚೀಲವನ್ನು ಅವನು ತೆಗೆದುಕೊಂಡ. ಅವಳು ಬೇಡ ಎನ್ನಲಿಲ್ಲ.